ಸೀಟಿನ ಮೇಲಿದ್ದ ಚೀಲ

ಕಂಬಂ ಕಣಿವೆಯ ನಮ್ಮ ಒಕ್ಕಲಿಗ ಕಪ್ಪಿಲಿಯರ ಮನೆಯೊಳಗೆ ಇಂದಿಗೂ ಕನ್ನಡ, ನೆರೆಬೀದಿಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು. ಅವ್ವ ಹಾಡುತ್ತಿದ್ದ ಮನೆಗನ್ನಡದ ಹಾಡುಗಳನ್ನು ಹತ್ತು ವರ್ಷ ಕೂತು ಒಂದು ನೋಟುಬುಕ್ಕಿಗೆ ಇಳಿಸಿದ್ದೆ. ಅದು ಕಳುವಾದದ್ದು ಬೀಗಕ್ಕೆ ಹೆಸರಾದ ದಿಂಡಿಗಲ್ಲಿನಲ್ಲಿ!

ಅಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ತೋಟದ ಮನೆಗೊಂದು ಮಾವಿನಕಾಯಿ ಬೀಗ ತರೋಣ ಅಂತ ಕಾರನ್ನು ಬೀದಿಬದಿ ನಿಲ್ಲಿಸಿ, ಬಾಗಿಲು ಲಾಕ್ ಮಾಡಿ ಹೋದೆ. ಬರುವಷ್ಟರಲ್ಲಿ ಕಿಟಕಿ ಗಾಜು ಪುಡಿಪುಡಿ, ಸೀಟಿನ ಮೇಲಿದ್ದ ಚೀಲ ಮಾಯ. ದುಡ್ಡಿದೆ ಅಂದುಕೊಂಡಿರಬೇಕು, ಇದ್ದದ್ದು ಅವ್ವನ ಹಾಡು.

ಗಾಜಿಗೆ ಯಾವ ಬೀಗ ಹಾಕೋದು? ಕಣ್ಣಿಗೆ ಬೀಳದಂತೆ ಇಡೋದೇ ಕಾವಲು. ಶಬರಿಮಲೆಗೆ ಕುಮಳಿ ದಾರಿ ಹಿಡಿದು, ಸುರುಳಿ ಜಲಪಾತದಲ್ಲಿ ಸ್ನಾನಕ್ಕಿಳಿಯುವ ಕರ್ನಾಟಕದ ಬಂಧುಗಳಿಗೂ ಇದೇ ಮಾತು. ಚೀಲವನ್ನು ಡಿಕ್ಕಿಯಲ್ಲಿ ಇಡುವುದಾದರೆ ಹೊರಡುವ ಮುಂಚೆಯೇ ಇಡಿ. ನಿಲ್ಲಿಸಿದ ಜಾಗದಲ್ಲಿ ಇಟ್ಟರೆ ನೋಡುವವರು ನೋಡ್ತಾರೆ. ಬೆಳಕು, ಜನ ಇರುವಲ್ಲಿ ಕಾರು ನಿಲ್ಲಿಸಿ. ರಿಮೋಟ್ ಒತ್ತಿದ ಮೇಲೂ ಬಾಗಿಲು ಎಳೆದು ನೋಡಿ. 'ಸ್ವಾಮಿ, ದುಡ್ಡು ಬಿದ್ದಿದೆ', 'ಟೈರು ಪಂಕ್ಚರ್' ಅಂತ ಯಾರಾದರೂ ಕೂಗಿದರೆ ಕೀಲಿ ತೆಗೆದುಕೊಂಡು, ಬಾಗಿಲು ಭದ್ರಮಾಡಿ, ಆಮೇಲೆ ಬಗ್ಗಿ.

ಎರಡನೇ ಕೀಲಿ ಮನೆಯಲ್ಲೇ ಇರಲಿ. ಕಾರೇ ಕಳುವಾದರೆ ವಿಮೆಯವರು ಎರಡೂ ಕೀಲಿ ಕೇಳ್ತಾರೆ. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಕಳುವಿಗೆ ಕಾಸೂ ಬರದು. ಒಳಗಿನ ಸಾಮಾನಿಗೆ ಪೂರ್ಣ ವಿಮೆಯೂ ಸಾಮಾನ್ಯವಾಗಿ ಹೊಣೆಯಲ್ಲ.

ಗಾಜು ಹೊಸದು ಹಾಕಿಸಿದೆ. ಅವ್ವ ಈಗಿಲ್ಲ. ನೆನಪಿದ್ದಷ್ಟು ಹಾಡನ್ನು ಮತ್ತೆ ಬರೀತಿದ್ದೇನೆ, ಈ ಸಲ ಎರಡು ಪ್ರತಿ.