ತಲೆಗೊಂದು ಡಾಲರ್, ದಿನಕ್ಕೊಂದು ಮ್ಯಾರಥಾನ್

5,373 ಕಿಲೋಮೀಟರ್. ಕನ್ಯಾಕುಮಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಮದುರೈ, ಬೆಂಗಳೂರು, ಹೈದರಾಬಾದ್, ನಾಗಪುರ, ದೆಹಲಿ ಎಲ್ಲವನ್ನೂ ದಾಟಿ ಶ್ರೀನಗರ ಮುಟ್ಟಬೇಕು. ಅಲ್ಲಿಗೂ ಸಾಲದೆ ಬಂದ ದಾರಿಯಲ್ಲೇ ತಿರುಗಿ, ಮತ್ತೆ ದೆಹಲಿಯನ್ನು ದಾಟಿ ಕೆಳಗಿಳಿಯಬೇಕು. ಆಗ ಈ ಲೆಕ್ಕ ತುಂಬುತ್ತದೆ. ಲಾರಿ ಓಡಿಸುವವರೂ ಉಸ್ಸಪ್ಪಾ ಎನ್ನುವ ದೂರ. 1980ರಲ್ಲಿ ಕೆನಡಾದ ಟೆರಿ ಫಾಕ್ಸ್ ಎಂಬ ಹುಡುಗ ಇಷ್ಟನ್ನೂ ಓಡಿಯೇ ಕ್ರಮಿಸಿದ. ಹೊರಟಾಗ ಅವನಿಗೆ 21 ವರ್ಷ. ಬಲಗಾಲನ್ನು ಮಂಡಿಯಿಂದ ಸುಮಾರು 15 ಸೆಂಟಿಮೀಟರ್ ಮೇಲಕ್ಕೇ ಕತ್ತರಿಸಿ ತೆಗೆದಿದ್ದರು.

ಓಡಿದ್ದು 143 ದಿನ. ಭಾಗಿಸಿದರೆ ದಿನಕ್ಕೆ ಮೂವತ್ತೇಳೂವರೆ ಕಿ.ಮೀ. ಹಿಮ ಬಿದ್ದ ದಿನ, ಎದುರುಗಾಳಿ ಹಿಂದಕ್ಕೆ ದಬ್ಬಿದ ದಿನ, ಎಲ್ಲವೂ ಈ ಸರಾಸರಿಯಲ್ಲಿ ಸೇರಿವೆ. ಅಡ್ಡಿಯಿಲ್ಲದ ದಿನ ಅವನು ಸುಮಾರು 42 ಕಿ.ಮೀ. ಓಡುತ್ತಿದ್ದ, ಅಂದರೆ ಪೂರ್ತಿ ಒಂದು ಮ್ಯಾರಥಾನ್. ಬೆಂಗಳೂರಿನಿಂದ ಮೈಸೂರಿಗೆ ಮೂರೂವರೆ ದಿನದಲ್ಲಿ ಓಡಿ ಮುಟ್ಟಿ, ಅಲ್ಲಿಯೂ ನಿಲ್ಲದೆ ಮರುದಿನ ಬೆಳಗಿನ ಜಾವ ಮತ್ತೆ ಹೊರಟು, ಹೀಗೇ ನಾಲ್ಕೂಮುಕ್ಕಾಲು ತಿಂಗಳು ಸಾಗಿದರೆ ಹೇಗೋ ಹಾಗೆ. ಒಟ್ಟು ದೂರವನ್ನು ಮ್ಯಾರಥಾನ್‌ನ 42.195 ಕಿ.ಮೀ.ಯಿಂದ ಭಾಗಿಸಿದರೆ ಬರುವುದು 127. ಎರಡೂ ಕಾಲು ಗಟ್ಟಿಯಿರುವವರು ಒಂದು ಮ್ಯಾರಥಾನ್ ಓಡಿ ವಾರಗಟ್ಟಲೆ ಸುಧಾರಿಸಿಕೊಳ್ಳುತ್ತಾರೆ.

ಆಗಿನ ಕೃತಕ ಕಾಲು ನಡೆಯುವವರಿಗೆಂದು ಮಾಡಿದ್ದು. ಓಟದ ರಭಸಕ್ಕೆ ಅದು ಮುಂದಕ್ಕೆ ಬೀಸಿ ಬರುವಷ್ಟರಲ್ಲಿ ತಡವಾಗುತ್ತಿತ್ತು. ಆ ಚೂರು ಹೊತ್ತನ್ನು ತುಂಬಲು ಟೆರಿ ಎಡಗಾಲಿನಲ್ಲಿ ಇನ್ನೊಂದು ಸಲ ಕುಪ್ಪಳಿಸುತ್ತಿದ್ದ. ಎಡಗಾಲಿಗೆ ಎರಡು ಹೆಜ್ಜೆ, ಬಲಗಾಲಿಗೆ ಒಂದು. ಕುಂಟಾಬಿಲ್ಲೆ ಆಡುವ ಮಕ್ಕಳ ನೆಗೆತದಂಥ ಈ ಓಟದಲ್ಲಿ ಇದ್ದ ಒಂದೇ ಕಾಲಿಗೆ ಎರಡರಷ್ಟು ದುಡಿಮೆ. ಕತ್ತರಿಸಿದ ತೊಡೆಯ ತುದಿ ಕೃತಕ ಕಾಲಿನೊಳಗೆ ಉಜ್ಜಿ ಉಜ್ಜಿ ಬೊಬ್ಬೆಯಾಗಿ ರಕ್ತ ಒಸರುತ್ತಿತ್ತು.

ಇಷ್ಟೆಲ್ಲ ಯಾಕೆ? ಅದಕ್ಕೂ ಉತ್ತರ ಅಂಕಿಯಲ್ಲೇ ಇದೆ. 1977ರ ಮಾರ್ಚ್‌ನಲ್ಲಿ, 18ನೇ ವಯಸ್ಸಿನಲ್ಲಿ, ಟೆರಿಗೆ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಬದುಕುವ ಸಾಧ್ಯತೆ ನೂರಕ್ಕೆ 50 ಎಂದರು ವೈದ್ಯರು. ಇದೇ ಕಾಯಿಲೆ ಎರಡು ವರ್ಷ ಮೊದಲು ಬಂದಿದ್ದರೆ ನೂರಕ್ಕೆ 15 ಅಷ್ಟೇ. ನಡುವಿನ 35 ಎಲ್ಲಿಂದ ಬಂತು? ಯಾವುದೋ ಪ್ರಯೋಗಾಲಯದಲ್ಲಿ ಯಾರೋ ಮಾಡಿದ ಸಂಶೋಧನೆಯಿಂದ, ಅದಕ್ಕೆ ಇನ್ಯಾರೋ ಕೊಟ್ಟ ಹಣದಿಂದ. 16 ತಿಂಗಳು ಕೀಮೋಥೆರಪಿ ತೆಗೆದುಕೊಳ್ಳುತ್ತ ಅಕ್ಕಪಕ್ಕದ ಹಾಸಿಗೆಗಳು ಖಾಲಿಯಾಗುವುದನ್ನು ಅವನು ಕಂಡಿದ್ದ. ತನಗೆ ಸಿಕ್ಕಿದ್ದು ಅವರಿಗೆ ಸಿಗಲಿಲ್ಲ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅವನ ಬ್ಯಾಸ್ಕೆಟ್‌ಬಾಲ್ ತರಬೇತುದಾರರು ಓದಲು ಕೊಟ್ಟಿದ್ದ ಒಂದು ಲೇಖನವೂ ಅಲ್ಲೇ ಉಳಿದಿತ್ತು. ಕಾಲು ಕಳೆದುಕೊಂಡೂ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಮುಗಿಸಿದ ಡಿಕ್ ಟ್ರಾಮ್ ಕುರಿತ ಲೇಖನ ಅದು.

ಮುಂದಿನದು ಓಟಕ್ಕಿಂತಲೂ ಬೆರಗಿನ ಲೆಕ್ಕ. 1979ರಲ್ಲಿ ಟೆರಿ ಅಭ್ಯಾಸ ಶುರುಮಾಡಿದ್ದು ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದಂತೆ. ಮೊದಲು ಓಡಿದ್ದು ಬರೀ ಅರ್ಧ ಮೈಲಿ. ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ದಿನಕ್ಕೆ 37 ಕಿ.ಮೀ. ತನಕ ಬಂದ. ಒಮ್ಮೆ 101 ದಿನ ಸತತವಾಗಿ ಓಡಿದ. ಕ್ರಿಸ್‌ಮಸ್ ದಿನ ರಜೆ ಮಾಡಿದ, ಅದೂ ಅಮ್ಮ ಕೇಳಿಕೊಂಡಳೆಂದು. ಪ್ರಿನ್ಸ್ ಜಾರ್ಜ್ ಎಂಬ ಊರಿನ 27 ಕಿ.ಮೀ. ಸ್ಪರ್ಧೆಯಲ್ಲಿ ಕಟ್ಟಕಡೆಯವನಾಗಿ ಗುರಿ ಮುಟ್ಟಿದ. ಅವನಿಗಿಂತ ಮುಂದಿದ್ದವನು ಹತ್ತು ನಿಮಿಷ ಮೊದಲೇ ಮುಗಿಸಿದ್ದ. ಹದಿನಾಲ್ಕು ತಿಂಗಳ ಅಭ್ಯಾಸವನ್ನು ಕೂಡಿದರೆ 5,000 ಕಿ.ಮೀ. ಮೀರುತ್ತದೆ. ಜಗತ್ತು ಕಂಡ ಓಟ ಎಷ್ಟು ಉದ್ದವೋ, ಯಾರೂ ಕಾಣದ ತಯಾರಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಎರಡನ್ನೂ ಸೇರಿಸಿದರೆ 10,000 ಕಿ.ಮೀ.ಗೂ ಹೆಚ್ಚು, ಭೂಮಿಯ ಸುತ್ತಳತೆಯ ಕಾಲು ಭಾಗ.

1980ರ ಏಪ್ರಿಲ್ 12ರಂದು ಕೆನಡಾದ ಪೂರ್ವದ ತುದಿ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿಗೆ ಅದ್ದಿ ಟೆರಿ ಓಡತೊಡಗಿದ. ಪಶ್ಚಿಮದ ಪೆಸಿಫಿಕ್ ಮುಟ್ಟಬೇಕೆಂಬುದು ಯೋಜನೆ. ಜತೆಗಿದ್ದದ್ದು ಗೆಳೆಯ ಡಗ್ ಆಲ್ವರ್ಡ್ ಓಡಿಸುವ ಒಂದು ವ್ಯಾನ್. ತಮ್ಮ ಸರಕಿನ ಪ್ರಚಾರ ಮಾಡೆಂದ ಕಂಪನಿಗಳನ್ನು, ಷರತ್ತು ಹಾಕಿದ ದಾನಿಗಳನ್ನು ಅವನು ಹೊರಡುವ ಮುಂಚೆಯೇ ಸಾಗಹಾಕಿದ್ದ. ಈ ಓಟದಿಂದ ಯಾರಿಗೂ ಲಾಭವಾಗಕೂಡದು ಎಂಬುದು ಅವನ ಹಟ.

ಮೊದಮೊದಲು ನೋಡಲು ಬಂದವರೂ ಕಡಿಮೆ, ಕೊಟ್ಟವರೂ ಕಡಿಮೆ. ಆಗ ಪೋರ್ಟ್ ಓ ಬಾಸ್ಕ್ ಎಂಬ ಪುಟ್ಟ ಊರು ಬಂತು. ಜನಸಂಖ್ಯೆ 10,000. ಊರವರು ಕೂಡಿಸಿ ಕೊಟ್ಟದ್ದು 10,000 ಡಾಲರ್‌ಗೂ ಹೆಚ್ಚು. ಅಲ್ಲಿಗೆ ತಲೆಗೊಂದು ಡಾಲರ್. ಹೊರಡುವಾಗ 10 ಲಕ್ಷ ಡಾಲರ್ ಕೂಡಿಸಬೇಕೆಂದಿದ್ದ ಟೆರಿಯ ಗುರಿ ದಾರಿಯಲ್ಲಿ ಬೆಳೆದು ಒಂದು ಕೋಟಿಯಾಯಿತು. ಕೊನೆಗೆ ನಿಂತದ್ದು ಈ ಸರಳ ಲೆಕ್ಕದಲ್ಲಿ: ಪ್ರತಿಯೊಬ್ಬ ಕೆನಡಿಯನ್ ಒಂದೊಂದು ಡಾಲರ್ ಕೊಡಲಿ.

ಈ ಗುರಿಯ ಜಾಣತನ ಗಮನಿಸಬೇಕಾದದ್ದು. ದೊಡ್ಡ ಮೊತ್ತ ಕೂಡಿಸಲು ಹೊರಟವರು ಸಾಮಾನ್ಯವಾಗಿ ದೊಡ್ಡ ಕೈಗಳನ್ನೇ ಹುಡುಕುತ್ತಾರೆ. ಚಂದಾ ಪುಸ್ತಕದ ಮೊದಲ ಪುಟ ಊರಿನ ಸಾಹುಕಾರನಿಗೇ ಮೀಸಲು. ಟೆರಿ ಮೊತ್ತವನ್ನು ಎತ್ತರಿಸಿದ, ಪಾಲನ್ನು ಮಾತ್ರ ಶಾಲೆಯ ಮಗುವಿನ ಜೇಬಿಗೂ ಎಟುಕುವಷ್ಟಕ್ಕೆ ಇಳಿಸಿದ. ಒಂದು ಡಾಲರ್ ಕೊಡಲಾರೆ ಎಂದು ಹೇಳುವವರು ಯಾರು? ಕೊಟ್ಟ ಮೇಲೆ ಸಾಹುಕಾರನದೂ ಒಂದೇ ಪಾಲು, ಮಗುವಿನದೂ ಒಂದೇ ಪಾಲು.

ಒಂಟಾರಿಯೊ ಪ್ರಾಂತ್ಯಕ್ಕೆ ಕಾಲಿಡುವಷ್ಟರಲ್ಲಿ ಚಿತ್ರವೇ ಬದಲಾಗಿತ್ತು. ಟೊರಾಂಟೊ ನಗರಭವನದ ಮುಂದೆ 10,000 ಮಂದಿ ಸೇರಿದರು. ಆ ಊರಿನಲ್ಲಿ ಒಂದೇ ದಿನ ಕೂಡಿದ್ದು 1 ಲಕ್ಷ ಡಾಲರ್. ಆದರೆ ಸೆಪ್ಟೆಂಬರ್ 1ರಂದು, ಥಂಡರ್ ಬೇ ಊರಿನ ಹೊರಗೆ, ಕೆಮ್ಮು ಮತ್ತು ಎದೆನೋವು ಅವನನ್ನು ನಿಲ್ಲಿಸಿದವು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಇನ್ನೂ ಸುಮಾರು 3,000 ಕಿ.ಮೀ. ಉಳಿದಿತ್ತು. ಅಂದಿನ ತನಕ ಕೂಡಿದ್ದು 17 ಲಕ್ಷ ಡಾಲರ್, ಅಂದರೆ ಓಡಿದ ಕಿ.ಮೀ.ಗೆ 316 ಡಾಲರ್.

ಓಟ ನಿಂತಿತು, ಲೆಕ್ಕ ನಿಲ್ಲಲಿಲ್ಲ. ವಾರದೊಳಗೆ ಸಿಟಿವಿ ವಾಹಿನಿ ನಡೆಸಿದ ಒಂದೇ ಕಾರ್ಯಕ್ರಮದಿಂದ 1 ಕೋಟಿ 5 ಲಕ್ಷ ಡಾಲರ್ ಬಂತು. 1981ರ ಫೆಬ್ರುವರಿ 1ರಂದು ಒಟ್ಟು ನಿಧಿ 2 ಕೋಟಿ 41 ಲಕ್ಷ 70 ಸಾವಿರ. ಆಗಿನ ಕೆನಡಾದ ಜನಸಂಖ್ಯೆ 2 ಕೋಟಿ 41 ಲಕ್ಷ. ತಲೆಗೊಂದು ಡಾಲರ್ ಸಂದಾಯವಾಗಿತ್ತು! ಕಿ.ಮೀ.ಗೆ 316 ಇದ್ದದ್ದು 4,500ರ ಹತ್ತಿರ ಬಂದಿತ್ತು. ಓಡಿ ಕೂಡಿಸಿದ್ದರ 14 ಪಟ್ಟು, ಅವನು ಹಾಸಿಗೆ ಹಿಡಿದ ಐದು ತಿಂಗಳಲ್ಲಿ ಆಗಿತ್ತು. ಆ ಅಂಕಿಯನ್ನು ಕಣ್ಣಾರೆ ಕಂಡೇ ಟೆರಿ 1981ರ ಜೂನ್ 28ರಂದು ತೀರಿಕೊಂಡ. ಇನ್ನೊಂದು ತಿಂಗಳಿಗೆ 23 ತುಂಬುತ್ತಿತ್ತು.

ಅವನ ಹೆಸರಿನಲ್ಲಿ ವರ್ಷಕ್ಕೊಂದು ಓಟ ನಡೆಸುತ್ತೇನೆಂದು ಹೋಟೆಲ್ ಉದ್ಯಮಿ ಇಸಡೋರ್ ಶಾರ್ಪ್ ಮೊದಲೇ ತಂತಿ ಕಳಿಸಿದ್ದರು. ಅವರ ಮಗನನ್ನೂ ಕ್ಯಾನ್ಸರ್ ಒಯ್ದಿತ್ತು. ಟೆರಿ ಒಪ್ಪಿದ, ಒಂದು ಕರಾರಿನ ಮೇಲೆ: ಅದು ಸ್ಪರ್ಧೆಯಾಗಬಾರದು, ಗೆದ್ದವರು ಸೋತವರು ಎಂದಿರಬಾರದು. 1981ರ ಸೆಪ್ಟೆಂಬರ್‌ನ ಮೊದಲ ಓಟಕ್ಕೆ ಬಂದವರು 3 ಲಕ್ಷ, ಕೂಡಿದ್ದು 35 ಲಕ್ಷ ಡಾಲರ್. ತಲಾ ಹನ್ನೆರಡು ಡಾಲರ್ ಕೂಡ ಆಗುವುದಿಲ್ಲ. ಹನಿಗೂಡಿದರೆ ಹಳ್ಳ. ನಮ್ಮ ಪಕ್ಕದ ಚೆನ್ನೈನ ಐಐಟಿ ಆವರಣವೂ ಸೇರಿ ಹಲವು ದೇಶಗಳಲ್ಲಿ ನಡೆದ ಈ ಓಟಗಳಿಂದ ಇದುವರೆಗೆ ಕೂಡಿದ ಹಣ 85 ಕೋಟಿ ಡಾಲರ್ ಮೀರಿದೆ, ಟೆರಿ ಕಂಡ ಮೊತ್ತದ 35 ಪಟ್ಟು. 2008ರಿಂದ ನಡೆಯುತ್ತಿರುವ ಬೆಂಗಳೂರಿನ 10ಕೆ ಓಟದಲ್ಲಿ ಎದೆಯ ಮೇಲೆ ಯಾವುದೋ ಸೇವಾಸಂಸ್ಥೆಯ ಹೆಸರು ಹೊತ್ತು ಏದುಸಿರು ಬಿಡುವವರೂ ಇದೇ ಗಣಿತದ ಒಕ್ಕಲು.

ಕೊನೆಯ ಲೆಕ್ಕ ಆಸ್ಪತ್ರೆಯದು. ಟೆರಿಗೆ ಬಂದ ಕಾಯಿಲೆ ಬೇರೆಡೆಗೆ ಹರಡುವ ಮೊದಲೇ ಪತ್ತೆಯಾದರೆ ಇಂದು ನೂರರಲ್ಲಿ ಸುಮಾರು 70 ಮಂದಿ ಐದು ವರ್ಷ ದಾಟುತ್ತಾರೆ. ಹೆಚ್ಚಿನವರ ಕಾಲನ್ನು ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. 15, 50, 70. ಈ ಏಣಿಯನ್ನು ಒಬ್ಬ ಓಟಗಾರ, ಒಂದು ನಿಧಿ ಕಟ್ಟಿದ್ದಲ್ಲ. ಎಷ್ಟೋ ದೇಶಗಳ ವಿಜ್ಞಾನಿಗಳು, ಎಣಿಸಲಾಗದಷ್ಟು ದಾನಿಗಳು ಒಂದೊಂದು ಮೆಟ್ಟಿಲನ್ನು ಕೂಡಿಸಿದ್ದಾರೆ. ಯಾರ ಡಾಲರ್ ಯಾರ ಕಾಲನ್ನು ಉಳಿಸಿತೆಂದು ಬಿಡಿಸಿ ಹೇಳಲು ಸಾಧ್ಯವಿಲ್ಲ. ಟೆರಿಗೂ ತನ್ನ ಪಾಲಿಗೆ ಬಂದ 35ನ್ನು ಕೊಟ್ಟವರು ಯಾರೆಂದು ತಿಳಿದಿರಲಿಲ್ಲ. ಕೊಟ್ಟವರಿಗೆ ಹಿಂತಿರುಗಿಸುವ ದಾರಿ ಇಲ್ಲದ್ದರಿಂದಲೇ ಅವನು ಆ ಸಾಲವನ್ನು ಮುಂದೆ ಬರುವವರಿಗೆ ತೀರಿಸಲು ಹೊರಟ.