ಘಟ್ಟದ ಹಾದಿಯಲ್ಲಿ ಜೀಪು

ಕರ್ನಾಟಕದ ಕರಾವಳಿಗೂ ಒಳನಾಡಿಗೂ ನಡುವೆ ಸಹ್ಯಾದ್ರಿಯ ಶ್ರೇಣಿ ಗೋಡೆಯಂತೆ ನಿಂತಿದೆ. ಈ ಗೋಡೆಯನ್ನು ದಾಟಿಸುವ ಮಾರ್ಗಗಳೇ ಆಗುಂಬೆ, ಶಿರಾಡಿ, ಚಾರ್ಮಾಡಿ ಮೊದಲಾದ ಘಾಟಿಗಳು. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ರಸ್ತೆಯಲ್ಲಿ 14 ಕಡಿದಾದ ತಿರುವುಗಳಿವೆ. ಇಂತಹ ರಸ್ತೆಗಳಲ್ಲಿಯೂ, ತೋಟಗಳಿಗೆ ಏರುವ ಮಣ್ಣಿನ ಹಾದಿಗಳಲ್ಲಿಯೂ ಮಲೆನಾಡಿನ ಜನರಿಗೆ ಜೀಪು ನೆಚ್ಚಿನ ವಾಹನ. ಅಡಕೆಯ ಮೂಟೆಯಿರಲಿ, ಗೊಬ್ಬರದ ಚೀಲವಿರಲಿ, ಮಳೆಗಾಲದ ನಡುರಾತ್ರಿಯಲ್ಲಿ ಆಸ್ಪತ್ರೆ ಸೇರಬೇಕಾದ ರೋಗಿಯಿರಲಿ, ಜೀಪೇ ಆಧಾರ.

ಬೆಟ್ಟವನ್ನು ಏರುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಸಾಮಾನ್ಯರ ಎಣಿಕೆ. ಕಾಲ್ನಡಿಗೆಯವನಿಗೆ ಈ ಮಾತು ಒಪ್ಪೀತು; ವಾಹನಕ್ಕೆ ಒಪ್ಪದು. ಏರುವಾಗ ನಡೆಯುವುದು ಎಂಜಿನ್ನಿನ ಶಕ್ತಿಯ ಪರೀಕ್ಷೆ. ಇಳಿಯುವಾಗ ನಡೆಯುವುದು ಚಾಲಕನ ಸಂಯಮದ ಪರೀಕ್ಷೆ.

ಇದರ ಕಾರಣವನ್ನು ಲೆಕ್ಕದಿಂದ ತಿಳಿಯಬಹುದು. ಹೊರೆಯೂ ಸೇರಿ 1,500 ಕಿಲೋಗ್ರಾಂ ತೂಗುವ ಜೀಪೊಂದು 100 ಮೀಟರ್ ಎತ್ತರವನ್ನು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 15 ಲಕ್ಷ ಜೌಲ್. ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ವೇಗ ಹೆಚ್ಚದಂತೆ ಚಾಲಕನು ಬ್ರೇಕನ್ನೇ ಒತ್ತುತ್ತ ಹೋದರೆ, ಈ ಶಕ್ತಿಯ ಬಹುಭಾಗ ಬ್ರೇಕಿನಲ್ಲಿ ಶಾಖವಾಗಿ ಮಾರ್ಪಡುತ್ತದೆ. ಅತಿಯಾಗಿ ಕಾದ ಬ್ರೇಕಿನಲ್ಲಿ ಘರ್ಷಣೆ ಕುಗ್ಗುತ್ತದೆ; ಅದರೊಳಗಿನ ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ, ಪೆಡಲು ಕಾಲಡಿಯಲ್ಲಿ ಸುಮ್ಮನೆ ಕುಸಿಯುತ್ತದೆ. ಹೀಗೆ ಬ್ರೇಕು ಅತ್ಯಂತ ಅಗತ್ಯವಾದ ತಿರುವಿನಲ್ಲಿಯೇ ಕೈಕೊಡಬಹುದು.

ಆದುದರಿಂದ ಅನುಭವಿಗಳು ಇಳಿಜಾರಿನಲ್ಲಿ ಎಂಜಿನ್ನನ್ನೇ ಕಡಿವಾಣವಾಗಿ ಬಳಸುತ್ತಾರೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಅವರ ಸೂತ್ರ. ಕೆಳಗಿನ ಗೇರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುವುದರಿಂದ ಅವುಗಳ ಓಟಕ್ಕೆ ತಡೆಯುಂಟಾಗುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಗೇರನ್ನು ತಗ್ಗಿಸಿಕೊಳ್ಳಬೇಕು. ಇಂಧನ ಉಳಿಸುವ ಆಸೆಯಿಂದ ವಾಹನವನ್ನು ನ್ಯೂಟ್ರಲಿನಲ್ಲಿ ಜಾರಬಿಡುವುದು ಲಗಾಮಿಲ್ಲದ ಕುದುರೆಯನ್ನು ಏರಿದಂತೆ.

ಮಣ್ಣಿನ ಹಾದಿಗೆ ಬೇರೆ ಎಚ್ಚರಗಳೂ ಬೇಕು. ಅಲ್ಲಿ ಕಡಿದಾದ ಏರನ್ನು ನೇರವಾಗಿ ಹತ್ತಬೇಕು. ನಡುವೆ ಎಂಜಿನ್ ನಿಂತುಹೋದರೆ ಜೀಪನ್ನು ಅಡ್ಡಲಾಗಿ ತಿರುಗಿಸಲು ಯತ್ನಿಸಬಾರದು. ಬ್ರೇಕು ಹಿಡಿದು, ಎಂಜಿನ್ನನ್ನು ಮತ್ತೆ ಚಾಲನೆಗೊಳಿಸಿ, ರಿವರ್ಸ್ ಗೇರಿನಲ್ಲಿ ಬಂದ ಜಾಡು ಹಿಡಿದೇ ನಿಧಾನವಾಗಿ ಹಿಂದಕ್ಕೆ ಇಳಿಯಬೇಕು. ವಾಹನವು ಕಡಿದಾದ ಇಳಿಜಾರಿಗೆ ಅಡ್ಡವಾಗಿ ನಿಂತಾಗ, ಅದರ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಕೆಳಬದಿಯ ಚಕ್ರಗಳ ಆಚೆಗೆ ಬಿದ್ದರೆ ವಾಹನ ಮಗುಚಿಕೊಳ್ಳುತ್ತದೆ. ಮೂಟೆಗಳನ್ನು ಚಾವಣಿಯ ಮೇಲೆ ಹೇರದೆ ತಳದಲ್ಲಿ ಜೋಡಿಸಬೇಕೆನ್ನುವುದಕ್ಕೂ ಇದೇ ಕಾರಣ.

ಕಿರಿದಾದ ಘಟ್ಟದಲ್ಲಿ ಎರಡು ವಾಹನಗಳು ಎದುರಾದರೆ, ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ನಮ್ಮ ದೇಶದ ರಸ್ತೆನಿಯಮ. ಏರಿನ ನಡುವೆ ನಿಂತ ವಾಹನ ಮತ್ತೆ ಹೊರಡುವುದು ಕಷ್ಟ. ಆದುದರಿಂದ ಈ ನಿಯಮದಲ್ಲಿ ವಿವೇಕವೂ ಇದೆ, ಸೌಜನ್ಯವೂ ಇದೆ.

ಚಾಲಕನನ್ನು ನಂಬಿ ಅವನ ಹಿಂದೆ ಹಲವರು ಕುಳಿತಿರುತ್ತಾರೆ. ಘಟ್ಟದ ನೆತ್ತಿಯಲ್ಲಿ ಆತುರಪಡದೆ, ಗೇರನ್ನು ತಗ್ಗಿಸಿ ಇಳಿಯುವವನ ಕೈಯಲ್ಲಿ ಅವರ ಪ್ರಾಣ ಕ್ಷೇಮವಾಗಿರುತ್ತದೆ.