ಜಮೀನಿಗೆ ಜಂಟಿ ಹೆಸರು: ತೆರಿಗೆ ಎಲ್ಲೆಲ್ಲಿ ಬರುತ್ತದೆ?

ತಾವಿರುವಾಗಲೇ ಹೆಂಡತಿಯ ಅಥವಾ ಮಗನ ಹೆಸರನ್ನು ಆಸ್ತಿಗೆ ಸೇರಿಸಿಬಿಟ್ಟರೆ ಮುಂದೆ ತೊಂದರೆಯಿಲ್ಲ ಎಂಬುದು ಅನೇಕ ರೈತರ ಎಣಿಕೆ. ಆದರೆ ಇದು ಪಹಣಿಯಲ್ಲಿ ಒಂದು ಹೆಸರು ಬರೆಸುವಷ್ಟು ಸರಳ ಕೆಲಸವಲ್ಲ. ಹಣ ಪಡೆಯದೆ ಹೆಸರು ಸೇರಿಸುವುದೆಂದರೆ ಆಸ್ತಿಯ ಒಂದು ಪಾಲನ್ನು ದಾನ ಕೊಟ್ಟಂತೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರ ಬೇಕು. ಬರೀ ಅರ್ಜಿ ಕೊಟ್ಟು ಜಂಟಿ ಖಾತೆ ಮಾಡಿಸಿದರೆ ಒಡೆತನ ಬರುವುದಿಲ್ಲ.

ಶಿವಮೊಗ್ಗದಿಂದ ಸುಮಾರು 14 ಕಿ.ಮೀ. ದೂರದ ಸಕ್ರೆಬೈಲಿನಲ್ಲಿ ಒಬ್ಬ ರೈತನಿಗೆ ಸ್ವಯಾರ್ಜಿತವಾದ ಎರಡು ಎಕರೆ ಅಡಿಕೆ ತೋಟವೂ ಒಂದು ಮನೆಯೂ ಇವೆ ಎಂದಿಟ್ಟುಕೊಳ್ಳೋಣ. ಆನೆ ಬಿಡಾರ ನೋಡಲು ಬರುವವರಿಗೆ ಆತ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾನೆ. ತೋಟ, ಮನೆ ಎರಡರಲ್ಲೂ ಅರ್ಧ ಪಾಲನ್ನು ಹೆಂಡತಿಗೆ ಬರೆದುಕೊಟ್ಟರೆ ಏನಾಗುತ್ತದೆ?

ಮೊದಲ ಖರ್ಚು ಮುದ್ರಾಂಕ ಶುಲ್ಕ. ಹೆಂಡತಿ, ಮಕ್ಕಳು ಮುಂತಾದ ಹತ್ತಿರದವರಿಗೆ ಕೊಡುವ ದಾನಕ್ಕೆ ಕರ್ನಾಟಕದಲ್ಲಿ ಸಣ್ಣ, ನಿಗದಿತ ಮೊತ್ತ ಸಾಕು. ಹೊರಗಿನವರಿಗಾದರೆ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ. ಯಾರು 'ಕುಟುಂಬದವರು' ಎಂಬ ಪಟ್ಟಿ ಮುದ್ರಾಂಕ ಕಾಯ್ದೆಯಲ್ಲಿ ಒಂದು ಬಗೆ, ಆದಾಯ ತೆರಿಗೆಯಲ್ಲಿ ಇನ್ನೊಂದು ಬಗೆ. ಆದ್ದರಿಂದ ಅಣ್ಣನ ಮಗನಿಗೋ ಅಳಿಯನಿಗೋ ಕೊಡುವವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

'ಗಿಫ್ಟ್ ಟ್ಯಾಕ್ಸ್' ಎಂದು ಹಳಬರು ಈಗಲೂ ಹೆದರುವುದುಂಟು. 1958ರ ಆ ತೆರಿಗೆ 1998ರ ಅಕ್ಟೋಬರ್ 1ರಿಂದ ಇಲ್ಲ. ಸತ್ತವರ ಆಸ್ತಿಯ ಮೇಲಿನ ಸುಂಕವೂ 1985ರಲ್ಲೇ ಹೋಯಿತು. ಹೆಂಡತಿ, ಮಕ್ಕಳು ಪಡೆದ ದಾನಕ್ಕೆ ಆದಾಯ ತೆರಿಗೆಯೂ ಇಲ್ಲ. ಹಾಗಾಗಿ ತೆರಿಗೆ ಉಳಿಸಲೆಂದೇ ಅವಸರದಿಂದ ಹೆಸರು ಸೇರಿಸುವುದರಲ್ಲಿ ಅರ್ಥ ಕಡಿಮೆ.

ತೊಡಕು ಬರುವುದು ನಂತರದ ವರಮಾನದಲ್ಲಿ. ಅಡಿಕೆಯ ವರಮಾನ ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕೋಣೆಯ ಬಾಡಿಗೆ ಹಾಗಲ್ಲ. ಹೆಂಡತಿಗೆ ದಾನ ಕೊಟ್ಟ ಪಾಲಿನ ಬಾಡಿಗೆಯನ್ನೂ ಗಂಡನ ಆದಾಯಕ್ಕೇ ಸೇರಿಸಿ ಲೆಕ್ಕ ಹಾಕುತ್ತಾರೆ. ಸೊಸೆಗೆ ಕೊಟ್ಟರೂ ಕೊಟ್ಟವರ ಲೆಕ್ಕಕ್ಕೇ ಬರುತ್ತದೆ. ವಯಸ್ಕ ಮಗನಿಗೋ ಮಗಳಿಗೋ ಕೊಟ್ಟರೆ ಮಾತ್ರ ಆ ಪಾಲಿನ ಬಾಡಿಗೆ ಅವರದೇ ಆದಾಯ.

ಮಾರುವಾಗ ಇನ್ನೊಂದು ಲೆಕ್ಕ. ದಾನ ಪಡೆದವರಿಗೆ ಆಸ್ತಿ ಪುಕ್ಕಟೆ ಬಂದಿದ್ದರೂ ಅಸಲನ್ನು ಸೊನ್ನೆ ಎಂದು ಹಿಡಿಯುವುದಿಲ್ಲ. ಕೊಟ್ಟವರು ಕೊಂಡ ಬೆಲೆ, ಕೊಂಡ ದಿನಾಂಕಗಳೇ ಇವರಿಗೂ ಸಲ್ಲುತ್ತವೆ. 2001ರ ಏಪ್ರಿಲ್ 1ಕ್ಕೂ ಹಿಂದಿನ ಆಸ್ತಿಗೆ ಆ ದಿನದ ಬೆಲೆಯನ್ನು ತೆಗೆದುಕೊಳ್ಳಬಹುದು. ಮರಣಾನಂತರ ವಾರಸಿನಿಂದ ಬಂದರೂ ಇದೇ ನಿಯಮ. ಹಳೆಯ ಕ್ರಯಪತ್ರ, ಮನೆ ಕಟ್ಟಿದ ಖರ್ಚಿನ ರಸೀತಿಗಳನ್ನು ಜೋಪಾನವಾಗಿಡಬೇಕು.

ಸಾಗುವಳಿ ಜಮೀನಿಗೆ ಇಲ್ಲೊಂದು ಅನುಕೂಲವಿದೆ. ಒಂದರಿಂದ ಹತ್ತು ಲಕ್ಷ ಜನಸಂಖ್ಯೆಯ ಪಟ್ಟಣದ ಎಲ್ಲೆಯಿಂದ ನೇರ ಅಳತೆಯಲ್ಲಿ 6 ಕಿ.ಮೀ. ಆಚೆಗಿನ ಕೃಷಿ ಭೂಮಿ ಮಾರಿದರೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. 2011ರ ಜನಗಣತಿಯಂತೆ ಶಿವಮೊಗ್ಗ, ಭದ್ರಾವತಿ ಎರಡೂ ಈ ವರ್ಗಕ್ಕೇ ಸೇರುತ್ತವೆ. ಸಕ್ರೆಬೈಲಿನ ತೋಟ ಸಾಮಾನ್ಯವಾಗಿ ಈ ಮಿತಿಯ ಆಚೆಗೇ ಉಳಿಯುತ್ತದೆ. ನಗರದ ಅಂಚಿನ ಗದ್ದೆ ಉಳಿಯಲಾರದು. ಮನೆಗೂ ಅನ್ಯಕ್ರಾಂತವಾದ ನಿವೇಶನಕ್ಕೂ ಈ ರಿಯಾಯಿತಿ ಎಲ್ಲಿಯೂ ಇಲ್ಲ.

ತೆರಿಗೆಗಿಂತ ದೊಡ್ಡ ಮಾತು ಒಂದಿದೆ. ದಾನಪತ್ರ ನೋಂದಣಿಯಾದ ಮೇಲೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ಪಾಲುದಾರರ ಒಪ್ಪಿಗೆಯಿಲ್ಲದೆ ಇಡೀ ಆಸ್ತಿಯನ್ನು ಮಾರಲೂ ಆಗದು. ಮುಪ್ಪಿನಲ್ಲಿ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ, ಮಕ್ಕಳು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಲು ದಾರಿಯುಂಟು. ಉಯಿಲಾದರೆ ಮುದ್ರಾಂಕ ಶುಲ್ಕ ಬೇಡ, ಬದುಕಿರುವ ತನಕ ಬದಲಿಸಲೂಬಹುದು.

ಪಿತ್ರಾರ್ಜಿತ ಜಮೀನನ್ನು ಒಬ್ಬರೇ ದಾನ ಮಾಡುವಂತಿಲ್ಲ. ಅದಕ್ಕೆ ಹೆಣ್ಣುಮಕ್ಕಳೂ ಸೇರಿದ ವಿಭಾಗಪತ್ರವೇ ದಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ವರ್ಗಾಯಿಸಲು 1978ರ ಕಾಯ್ದೆಯಂತೆ ಪೂರ್ವಾನುಮತಿ ಬೇಕು. ನೋಂದಣಿಯ ಬಳಿಕ ಹಕ್ಕು ಬದಲಾವಣೆಯಾಗಿ, ಪಹಣಿಯ 9ನೇ ಕಾಲಂನಲ್ಲಿ ಇಬ್ಬರ ಹೆಸರೂ ಸರಿಯಾಗಿ ಬಂದಿವೆಯೇ ಎಂದು ನಾಡಕಚೇರಿಯಲ್ಲಿ ಪ್ರತಿ ಪಡೆದು ನೋಡಬೇಕು.